ಸಂಕಲ್ಪವೂ ಸಮಾಪ್ತಿಯೂ

ನಮ್ಮ ಹೆಬಳೆಯಿಂದ ಹೊರಟು, ಹೊನ್ನಾವರವನ್ನೂ ಕುಮಟೆಯನ್ನೂ ದಾಟಿ ಗೋಕರ್ಣಕ್ಕೆ ಹೋದವರು, ಅಲ್ಲಿಯ ಕೋಟಿತೀರ್ಥದ ದಂಡೆಯ ಮೇಲೆ ಬೊಗಸೆಯಲ್ಲಿ ನೀರು ಹಿಡಿದು, ದೇಶಕಾಲಗಳನ್ನೂ ಗೋತ್ರನಾಮಗಳನ್ನೂ ಉಚ್ಚರಿಸಿ ಸಂಕಲ್ಪಮಾಡುವ ಯಾತ್ರಿಕರನ್ನು ಕಂಡೇ ಇರುತ್ತಾರೆ. ಎಲ್ಲಿ, ಎಂದು, ಯಾರು, ಯಾವ ಫಲಕ್ಕಾಗಿ ಎಂಬುದನ್ನು ಹೇಳದೆ ಕರ್ಮಕ್ಕೆ ತೊಡಗುವಂತಿಲ್ಲ. ಮನುಷ್ಯರ ಆರೋಗ್ಯವನ್ನು ಕುರಿತು ಸಂಶೋಧನೆ ಕೈಗೊಳ್ಳುವವರೂ ನೈತಿಕತಾ ಸಮಿತಿಯ ಮುಂದೆ ಇವನ್ನೇ ಬರೆದೊಪ್ಪಿಸುತ್ತಾರೆ. ಅನುಮೋದನೆ ದೊರೆತೊಡನೆ ಧರ್ಮವು ತೀರಿತೋ, ಇಲ್ಲವೆ ಆಗಷ್ಟೇ ಮೊದಲಾಯಿತೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿಷಯದಲ್ಲಿ ಮೀಮಾಂಸಕರ ನಿರ್ಣಯ ನಿಷ್ಠುರವಾದುದು. ಫಲವನ್ನು ಬಯಸಿ ಮಾಡುವ ಯಜ್ಞದಂಥ ಕಾಮ್ಯಕರ್ಮವನ್ನು ಮಾಡಲೇಬೇಕೆಂಬ ನಿರ್ಬಂಧವಿಲ್ಲ; ಆದರೆ ಒಮ್ಮೆ ಆರಂಭಿಸಿದ ಬಳಿಕ, ಫಲದ ಆಸೆ ನಡುವೆ ಆರಿಹೋದರೂ, ಅದನ್ನು ಮುಗಿಸಿಯೇ ತೀರಬೇಕು.

ಮಂಗನ ಕಾಯಿಲೆಯ ಸೀಮೆಯವರಿಗೆ ಈ ಮಾತು ಬರಿಯ ಶಾಸ್ತ್ರವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದರ ವಿಷಾಣುವನ್ನು ಗುರುತಿಸಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದು ತಿಳಿಯಿತು. ಕಾಲಾಂತರದಲ್ಲಿ ರೋಗವು ಘಟ್ಟವಿಳಿದು ಹೊನ್ನಾವರ, ಭಟ್ಕಳಗಳ ಕಾಡಂಚಿನ ಊರುಗಳಿಗೂ ಬಂದಿತು. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಮೂರನೆಯ ಸಲ, ಅನಂತರ ವರ್ಷವರ್ಷವೂ ಕೊಡಬೇಕಾಗಿತ್ತು. ಒಂದು ಅಧ್ಯಯನವನ್ನು ಯೋಜಿಸುವುದೆಂದರೇನೆಂಬುದನ್ನು ಈ ಲೆಕ್ಕವೇ ಕಲಿಸುತ್ತದೆ: ರೋಗವು ಡಿಸೆಂಬರಿನಿಂದ ಮೇ ತನಕ ಉಲ್ಬಣಿಸುವುದರಿಂದ ಮಳೆಗಾಲ ಕಳೆಯುವ ಮೊದಲೇ ಸಿಬ್ಬಂದಿ ಸಿದ್ಧವಿರಬೇಕು, ಲಸಿಕೆಯ ಪೆಟ್ಟಿಗೆಯ ತಂಪು ಕೆಡಬಾರದು, ಎರಡನೆಯ ಚುಚ್ಚುಮದ್ದಿಗೂ ಮೂರನೆಯದಕ್ಕೂ ನಡುವೆ ಸಂಬಳದ ಹಣ ಮುಗಿಯಲಾಗದು. ಕಾಗದದ ಮೇಲೆ ಇದು ಕೇವಲ ವ್ಯವಸ್ಥೆ. ತೋಳನ್ನು ಒಡ್ಡಿದವರ ಪಾಲಿಗೆ ಕೊಟ್ಟ ಮಾತು.

ತರಗೆಲೆಯ ಹೊರೆಯನ್ನು ಆಗತಾನೆ ಅಂಗಳದಲ್ಲಿಳಿಸಿದ ಮುದುಕಿಯೊಬ್ಬಳನ್ನು ಭಾವಿಸಿಕೊಳ್ಳಿ. ಸೆರಗಿನಿಂದ ಬೆವರೊರೆಸಿಕೊಂಡು, ಓದಿ ಹೇಳಿದ ಒಪ್ಪಿಗೆಪತ್ರವನ್ನು ಕೇಳಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದ ಮೇಲೆ ಅವಳು ಕೇಳುವ ಪ್ರಶ್ನೆ ಒಂದೇ: “ತಮಾ, ತಿರುಗಿ ಬರ್ತೀಯಲ್ಲ?” ನೈತಿಕತೆಯ ಸಮಸ್ತ ಶಾಸ್ತ್ರವೂ ಆ ಪ್ರಶ್ನೆಯಲ್ಲಿ ಅಡಗಿದೆ.

ಆದರೂ ಯಜ್ಞದ ಉಪಮೆ ಒಂದೆಡೆ ನಿಲ್ಲುತ್ತದೆ. ಯಜಮಾನನು ಬದ್ಧನಾದರೂ ಇಲ್ಲಿ ಆ ಮುದುಕಿ ಬದ್ಧಳಲ್ಲ. ಬೇಡವೆನಿಸಿದ ದಿನ, ಕಾರಣ ಹೇಳದೆಯೇ, ಅವಳು ಹಿಂದೆಗೆಯಬಹುದು. ಕೆಡುಕು ಕಂಡುಬಂದಲ್ಲಿ ಸಂಶೋಧಕನೂ ನಿಲ್ಲಿಸಲೇಬೇಕು. ಕ್ರಮವನ್ನು ಬದಲಿಸಬೇಕಾದರೆ ಸಮಿತಿಯ ಒಪ್ಪಿಗೆಯನ್ನು ಮರಳಿ ಪಡೆಯಬೇಕು. ಶ್ರೌತಯಾಗದಲ್ಲಿ ಬ್ರಹ್ಮನೆಂಬ ಋತ್ವಿಜನು ಮೌನವಾಗಿ ಕುಳಿತು ಲೋಪಗಳನ್ನು ಗಮನಿಸಿ ಪ್ರಾಯಶ್ಚಿತ್ತವನ್ನು ವಿಧಿಸುವಂತೆ, ಸಮಿತಿಯೂ ಅನುಮತಿಯಿತ್ತು ಎದ್ದುಹೋಗದೆ ಕೊನೆಯವರೆಗೆ ಕುಳಿತಿರತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಅನುಮೋದಿತ ಅಧ್ಯಯನದ ನಿರಂತರ ಪರಿಶೀಲನೆಯನ್ನು ಅಪೇಕ್ಷಿಸುವುದೂ ಇದಕ್ಕಾಗಿಯೇ.

ಹಾಗಾದರೆ ಸಮಾಪ್ತಿಯೆಂದರೆ ಹಾಕಿಕೊಂಡ ಯೋಜನೆಯನ್ನು ಹಠದಿಂದ ತುದಿಮುಟ್ಟಿಸುವುದಲ್ಲ. ನಡೆದುದಕ್ಕೂ ನಿಂತುದಕ್ಕೂ ಲೆಕ್ಕವೊಪ್ಪಿಸುವುದು. ದಕ್ಷಿಣೆಯಿಲ್ಲದ ಯಜ್ಞವು ಅಪೂರ್ಣವೆನ್ನುತ್ತಾರೆ. ಈ ಯಜ್ಞದ ದಕ್ಷಿಣೆ ವಿದ್ವತ್ಪತ್ರಿಕೆಯ ಲೇಖನವಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಅಂಗಳಕ್ಕೆ ಹೋಗಿ, ಫಲ ಸಿಕ್ಕಿದ್ದರೂ ಸಿಗದಿದ್ದರೂ, ಅವಳ ಮಾತಿನಲ್ಲಿಯೇ, “ಅಮ್ಮಾ, ನಮಗೆ ತಿಳಿದದ್ದು ಇಷ್ಟು” ಎಂದು ಹೇಳಿ ಬರುವುದು.