ಬೀಜ ಯಾರದು, ಬಿತ್ತೋರು ಯಾರು?

ಸತ್ತುಹೋದ ಯಂತ್ರದ ಆಟವನ್ನು ಹೊಸ ಯಂತ್ರದ ಮೇಲೆ ಆಡಿಸುವುದು ಕಳ್ಳತನವೋ, ಉಪಕಾರವೋ? ಆಫೀಸ್ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಟೇಬಲ್ ಎರಡು ಪಕ್ಷ ಆಗುತ್ತೆ. ‘ಪೈರಸಿ ಅಂದ್ರೆ ಪೈರಸಿ’ ಅನ್ನೋರು ಒಂದು ಕಡೆ. ‘ಕಂಪನಿಯೇ ಮಾರೋದು ಬಿಟ್ಟ ಮೇಲೆ ಯಾರ ಜೇಬಿಗೆ ಕತ್ತರಿ?’ ಅನ್ನೋರು ಇನ್ನೊಂದು ಕಡೆ. ವಾರಾಂತ್ಯದಲ್ಲಿ ಹಳೇ ಎಮ್ಯುಲೇಟರ್‌ಗಳನ್ನು ಹೊಸ ಪ್ರೊಸೆಸರ್‌ಗಳಿಗೆ ಹೊಂದಿಸುತ್ತ ಕೂರುವ ನನಗೆ ಎರಡೂ ಅವಸರದ ಉತ್ತರ ಅನ್ನಿಸುತ್ತವೆ.

ಮೊದಲು ಕೆಲಸ ಏನು ಅಂತ ನೋಡೋಣ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಒಳಗಿದ್ದದ್ದು ಸುಮಾರು 1.79 ಮೆಗಾಹರ್ಟ್ಜ್ ಪ್ರೊಸೆಸರ್, 2 ಕಿಲೋಬೈಟ್ ಮೆಮೊರಿ. ಎಮ್ಯುಲೇಟರ್ ಆ ಇಡೀ ಯಂತ್ರವನ್ನು ಸಾಫ್ಟ್‌ವೇರಿನಲ್ಲಿ ಮತ್ತೆ ಕಟ್ಟುತ್ತದೆ. ಆಟದ ಒಂದೊಂದೇ ಆದೇಶ ಓದಿ, ಹಳೇ ಚಿಪ್ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. ಆಮೇಲಿನ ಕಾಲದ ದೊಡ್ಡ ಕನ್ಸೋಲ್‌ಗಳಿಗೆ ಈ ನಿಧಾನ ನಡೆಯೋಲ್ಲ. ಆಟ ಓಡುತ್ತಿರುವಾಗಲೇ ಅದರ ಆದೇಶಗಳನ್ನು ಹೊಸ ಚಿಪ್ಪಿನ ಭಾಷೆಗೆ ಅನುವಾದ ಮಾಡಬೇಕು. ಇಂಟೆಲ್‌ಗೆಂದು ಬರೆದ ಅನುವಾದಕ 2020ರಲ್ಲಿ ಬಂದ ಆಪಲ್ ಎಂ1 ಮೇಲೆ ನೇರವಾಗಿ ಓಡಬೇಕೆಂದರೆ, ಆ ಭಾಗವನ್ನು ಹೊಸದಾಗಿ ಬರೆಯಲೇಬೇಕು. ಸಂಬಳ ಇಲ್ಲದ ಕೆಲಸ ಇದು, ಮುಗಿಯೋದೂ ಇಲ್ಲ.

ನಾನು ಬೆಳೆದ ಮಟಕಿ ಆಳಂದ ತಾಲೂಕಿನ ಊರು, ತೊಗರಿ ಸೀಮೆ. ಕಾಕಾ ಪ್ರತಿ ವರ್ಷ ಒಳ್ಳೇ ಕಾಳು ಆರಿಸಿ, ಬೇವಿನ ಎಲೆ ಹಾಕಿ ಬೀಜಕ್ಕೆ ತೆಗೆದಿಡುತ್ತಿದ್ದರು. ಅವರದ್ದೊಂದು ಮಾತು: “ಬೀಜ ಚೀಲದಾಗ ಇಟ್ರ ಉಳಿಯಂಗಿಲ್ಲೋ ತಮ್ಮಾ, ಹೊಲದಾಗ ಬಿತ್ತಿದ್ರ ಉಳಿತದ.” ಸಾಫ್ಟ್‌ವೇರಿಗೂ ಇದು ಅಷ್ಟೇ ನಿಜ. ಕಪಾಟಿನಲ್ಲಿಟ್ಟ ಸಿಡಿ ಕೆಡುತ್ತದೆ, ಕಾರ್ಟ್ರಿಡ್ಜಿನ ಬ್ಯಾಟರಿ ಸಾಯುತ್ತದೆ. ಫೈಲ್ ಉಳಿದರೂ ಓಡಿಸುವ ಯಂತ್ರ ಇರೋದಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಲೇ ಇರಲಿಲ್ಲ.

ಹಾಗಾದರೆ ಬೀಜ ಯಾರದು? ನಮ್ಮ ದೇಶ ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಬೇರೆಯವರು ಹಕ್ಕು ಪಡೆದ ತಳಿಯಾದರೂ ರೈತ ಅದರ ಬೀಜ ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡೆಡ್ ಬೀಜ ಅಂತ ಮಾತ್ರ ಮಾರುವ ಹಾಗಿಲ್ಲ. ತಳಿ ಕಂಡುಹಿಡಿದವನಿಗೂ ಹಕ್ಕಿದೆ, ಉಳಿಸಿಕೊಂಡು ಬಂದವನಿಗೂ ಇದೆ.

‘ಅಲ್ಲಪ್ಪ, ರೈತ ಬೆವರು ಸುರಿಸ್ತಾನೆ, ನೀನು ಡೌನ್‌ಲೋಡ್ ಒತ್ತುತ್ತೀಯ’ ಅನ್ನಬಹುದು. ನ್ಯಾಯವಾದ ಮಾತು. ಅದಕ್ಕೇ ಎಮ್ಯುಲೇಟರನ್ನೂ ಆಟವನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಎಮ್ಯುಲೇಟರ್ ಬರೆದವರ ಸ್ವಂತ ದುಡಿಮೆ. ಸೋನಿ ಮತ್ತು ಕನೆಕ್ಟಿಕ್ಸ್ ಕೇಸಿನಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಬೇಕಾದ ಅಧ್ಯಯನವನ್ನು ಒಪ್ಪಿತು. ಆಟ ಮಾತ್ರ ಇನ್ನೊಬ್ಬರ ದುಡಿಮೆ. ಪೈರು ಇನ್ನೂ ಹೊಲದಲ್ಲಿ ನಿಂತಿರುವಾಗ ಕೊಯ್ಯಲು ಹೋದರೆ ಒಡೆಯ ಸುಮ್ಮನಿರೋಲ್ಲ. ಮಾರಾಟದಲ್ಲಿದ್ದ ಸ್ವಿಚ್ ಕನ್ಸೋಲಿನ ಎಮ್ಯುಲೇಟರ್ ‘ಯುಜು’ ಮೇಲೆ ನಿಂಟೆಂಡೊ ಕೇಸು ಹಾಕಿತು. 2024ರ ಮಾರ್ಚಿನಲ್ಲಿ ಅದನ್ನು ನಡೆಸುತ್ತಿದ್ದವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದರು.

ಗೆಳೆಯನೊಬ್ಬ ಕಳೆದ ವರ್ಷ ಒಂದು ಪ್ಲಾನ್ ತಂದಿದ್ದ: ಅಗ್ಗದ ಹ್ಯಾಂಡ್‌ಹೆಲ್ಡ್ ತರಿಸೋಣ, ಹತ್ತು ಸಾವಿರ ಆಟ ತುಂಬೋಣ, ಮಾರೋಣ. “ಯಾರೂ ಕೇಳಲ್ಲ ಮಗಾ” ಅಂದ. ಒಲ್ಲೆ ಅಂದೆ. ಅಲ್ಲಿ ಆಟ ಮಾಡಿದವರ ಪಾಲಷ್ಟೇ ಹೋಗೋದಿಲ್ಲ; ‘ಸ್ನೆಸ್9ಎಕ್ಸ್’ ತರಹದ ಎಮ್ಯುಲೇಟರ್‌ಗಳ ಲೈಸೆನ್ಸೇ ವ್ಯಾಪಾರಕ್ಕೆ ಬಳಸಬೇಡಿ ಅನ್ನುತ್ತದೆ. ಪುಕ್ಕಟೆ ಕೊಟ್ಟವನ ಮಾತನ್ನೂ ಮುರಿದ ಹಾಗೆ. ಹಂಚುವುದಕ್ಕೂ ಮಾರುವುದಕ್ಕೂ ನಡುವಿನ ಗೆರೆ ನನಗೆ ಇಲ್ಲಿ ಸ್ಪಷ್ಟ ಕಾಣುತ್ತದೆ.

ಸ್ಪಷ್ಟ ಇಲ್ಲದ್ದು ಒಂದಿದೆ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ನೀವು ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮನ್ನು ಸ್ವಂತ, ವ್ಯಾಪಾರೇತರ ಬಳಕೆಗೆ ನಕಲು ಮಾಡಿಕೊಳ್ಳಲು ಬಿಡುತ್ತದೆ. ಆದರೆ ಹೇಳ್ರಿ, ನಮ್ಮಲ್ಲಿ ಎಷ್ಟು ಜನರ ಹತ್ತಿರ ಅಸಲಿ ಕಾರ್ಟ್ರಿಡ್ಜ್ ಇತ್ತು? ಜಾತ್ರೆಯಲ್ಲಿ ಅಪ್ಪ ದುಡ್ಡು ಕೊಟ್ಟು ಕೊಡಿಸಿದ ‘9999 ಇನ್ 1’ ಹುಟ್ಟುವಾಗಲೇ ನಕಲಿ. ಟಿವಿ ಗೇಮ್ ಡಬ್ಬವೂ ಫ್ಯಾಮಿಕಾಮಿನ ನಕಲು. ಇಂಥದ್ದೇ ನಕಲು 1992ರಿಂದ ರಷ್ಯಾದಲ್ಲಿ ‘ಡೆಂಡಿ’ ಅನ್ನೋ ಹೆಸರಲ್ಲಿ ಮಾರಾಟವಾಯಿತು. ಜಪಾನಿನ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸಿದರೆ ಡೆಂಡಿ 50 ತೋರಿಸುತ್ತಿತ್ತು, ಆಟ ಅಷ್ಟು ನಿಧಾನ. ಇವತ್ತು ‘ಮೆಸೆನ್’ ಎಮ್ಯುಲೇಟರಿನ ಸೆಟ್ಟಿಂಗ್ಸ್‌ನಲ್ಲಿ ‘ಡೆಂಡಿ’ ಅಂತಲೇ ಒಂದು ಆಯ್ಕೆ ಇದೆ. ಕಾನೂನು ಲೆಕ್ಕಕ್ಕೆ ಹಿಡಿಯದ ನಕಲಿ ಯಂತ್ರವನ್ನೂ ಯಾರೋ ಪುಣ್ಯಾತ್ಮರು ಅಳೆದು ತೂಗಿ ಉಳಿಸಿದ್ದಾರೆ. ಲಕ್ಷಾಂತರ ಮಕ್ಕಳ ಬಾಲ್ಯಕ್ಕೆ ಅದೇ ಅಸಲಿ ಆಗಿತ್ತಲ್ಲ.

ನಾನು ಇಟ್ಟುಕೊಂಡ ನಿಯಮ ಸಣ್ಣದು. ಅಸಲಿ ಸಿಗುವುದಾದರೆ ದುಡ್ಡು ಕೊಡಬೇಕು. ಅಕ್ಕನ ಮಗ ‘ಕಾಂಟ್ರಾ’ ಕೇಳಿದಾಗ, ಕೊನಾಮಿ 2019ರಲ್ಲಿ ತಂದ ಸಂಗ್ರಹವನ್ನೇ ಕೊಂಡುಕೊಟ್ಟೆ. ಎಲ್ಲೂ ಸಿಗದ ಆಟವನ್ನು ಉಳಿಸಿಕೊಳ್ಳುತ್ತೇನೆ, ಹೊಸ ಯಂತ್ರ ಬಂದಾಗ ಅಲ್ಲೂ ಓಡುತ್ತದಾ ಅಂತ ನೋಡುತ್ತೇನೆ, ಪೈಸೆ ಮಾಡೋದಿಲ್ಲ. ಈ ಎರಡನೇ ವಿಷಯದಲ್ಲಿ ಕಾನೂನು ನನ್ನ ಜೊತೆಗಿಲ್ಲ, ಗೊತ್ತು. ಒಡೆಯ ನಾಳೆ ಬಂದು ಅದನ್ನು ಮತ್ತೆ ಮಾರಲು ಶುರು ಮಾಡಿದರೆ, ಕೊಳ್ಳುವ ಸಾಲಿನಲ್ಲಿ ಮೊದಲು ನಿಲ್ಲುವ ಹೊಣೆಯೂ ನನ್ನದೇ.