ಕೊಳ್ಳುವ ಬೆಲೆ, ಸಾಕುವ ಬೆಲೆ

 

ಲೂಕನ ಸುವಾರ್ತೆ 14ನೇ ಅಧ್ಯಾಯ, 28ರಿಂದ 30ನೇ ವಚನ ತೆಗೆಯಿರಿ. ಮೊಬೈಲ್‌ನಲ್ಲಾದರೂ ಪರವಾಗಿಲ್ಲ. ಗೋಪುರ ಕಟ್ಟಬೇಕು ಅನ್ನೋನು ಮೊದಲು ಕೂತು ಖರ್ಚು ಲೆಕ್ಕ ಹಾಕ್ತಾನೆ ಅಂತ ಕರ್ತನು ಹೇಳ್ತಾನೆ. ಲೆಕ್ಕ ಹಾಕದೆ ಅಸ್ತಿವಾರ ಹಾಕಿ, ಮುಗಿಸೋಕೆ ಆಗದೆ ಹೋದರೆ ನೋಡೋರೆಲ್ಲ ನಗ್ತಾರೆ.

ಲೆಕ್ಕ ಹಾಕದ ಆ ಮನುಷ್ಯ ಯಾರು ಗೊತ್ತಾ? ನಿಮ್ಮ ಮುಂದೆ ನಿಂತಿರೋ ನಾನೇ.

ಎರಡು ವರ್ಷದ ಹಿಂದೆ ಇದೇ ವೇದಿಕೆ ಮೇಲೆ ಕಾರಿನ ಕೀ ಎತ್ತಿ ತೋರಿಸಿ ಸಾಕ್ಷಿ ಹೇಳಿದ್ದೆ. ನೀವು ಚಪ್ಪಾಳೆ ತಟ್ಟಿದ್ರಿ. ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು, 3 ಲೀಟರ್ ವಿ6 ಡೀಸೆಲ್ ಇಂಜಿನ್, ಏರ್ ಸಸ್ಪೆನ್ಷನ್. ಹೊಸದಾಗಿದ್ದಾಗ ಮುಕ್ಕಾಲು ಕೋಟಿ, ನನಗೆ ಸಿಕ್ಕಿದ್ದು 9 ಲಕ್ಷಕ್ಕೆ. "ಇದು ಕರ್ತನೇ ಇಳಿಸಿಕೊಟ್ಟ ಬೆಲೆ" ಅಂದೆ.

ನಿಜವಾಗಿ ಬೆಲೆ ಇಳಿದದ್ದು ಯಾಕೆ? ದೆಹಲಿ ಮತ್ತು ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಹತ್ತು ವರ್ಷ ಹತ್ತಿರ ಬಂದ ಗಾಡಿಗಳನ್ನ ಅಲ್ಲಿಯ ಮಾಲೀಕರು ಸಿಕ್ಕ ಬೆಲೆಗೆ ಮಾರಿದ್ರು. ಇಲ್ಲಿಗೆ ತಂದು ನಂಬರ್ ಹಾಕಿಸೋಕೆ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದು ಮಾರ್ಕೆಟ್, ಬ್ರದರ್. ನಾನು ಅದಕ್ಕೆ ದೇವರ ಹೆಸರು ಅಂಟಿಸಿದೆ.

ಕಾರಿಗೆ ವಯಸ್ಸಾದ ಹಾಗೆ ಅದರ ಬೆಲೆ ಇಳಿಯುತ್ತೆ, ಪಾರ್ಟ್ಸ್ ಬೆಲೆ ಇಳಿಯಲ್ಲ. 9 ಲಕ್ಷದ ಕಾರಿಗೂ ಮುಕ್ಕಾಲು ಕೋಟಿ ಕಾರಿನ ಬಿಲ್ಲೇ ಬರೋದು. ಸಣ್ಣ ಕಾರಿಗೆ ಮೂರು, ಮೂರೂವರೆ ಲೀಟರ್ ಇಂಜಿನ್ ಆಯಿಲ್ ಸಾಕು, ಇದಕ್ಕೆ ಎಂಟು ಲೀಟರ್‌ಗೂ ಮೇಲೆ. ಆನೆ ಸಾಕಿದ ಹಾಗೆ.

ಒಂದು ಬೆಳಗ್ಗೆ ನೋಡಿದ್ರೆ ಕಾರಿನ ಒಂದು ಮೂಲೆ ನೆಲಕ್ಕೆ ಕೂತಿದೆ. ಏರ್ ಸ್ಪ್ರಿಂಗ್‌ನ ರಬ್ಬರ್ ಬಿರುಕು ಬಿಟ್ಟು ರಾತ್ರಿಯೆಲ್ಲ ಗಾಳಿ ಸೋರಿತ್ತು. ಸಣ್ಣ ಲೀಕ್ ಅಂತ ಬಿಟ್ಟೆ. ಸೋರಿದ್ದನ್ನ ತುಂಬಿಸೋಕೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಟ್ಟುಹೋಯ್ತು.

ಆಮೇಲೆ ಆಯಿಲ್ ಸೋರೋಕೆ ಶುರು. ಮೆಕ್ಯಾನಿಕ್ ಹೇಳಿದ್ರು: "ಪಾಸ್ಟರ್, ಆಯಿಲ್ ಕೂಲರ್ ಸೀಲ್ ಹೋಗಿದೆ. ಸೀಲ್‌ಗೆ ದೊಡ್ಡ ದುಡ್ಡಿಲ್ಲ. ಆದ್ರೆ ಅದಿರೋದು ಇಂಜಿನ್ ಮಧ್ಯದ ತಳದಲ್ಲಿ. ಟರ್ಬೊ, ಇನ್‌ಟೇಕ್ ಎಲ್ಲಾ ಬಿಚ್ಚಿದ್ರೇನೆ ಕೈ ಹೋಗೋದು." ಆ ಗ್ಯಾರೇಜ್‌ನಲ್ಲೇ ಆತ್ಮನು ನನ್ನನ್ನ ಮುಟ್ಟಿದನು. ನನ್ನೊಳಗೆ ಸೋರ್ತಿದ್ದ ಹೆಮ್ಮೆಯೂ ಅಂಥದ್ದೇ. ಎಲ್ಲಾ ಬಿಚ್ಚದೆ ಕೈಗೆ ಸಿಗಲ್ಲ.

ಬಿಲ್ ಕಟ್ಟೋಕೆ ಹೆಂಡತಿಯ ಬಳೆ ಅಡ ಇಟ್ಟೆ. ಬ್ಯಾಂಕಿನ ಮೆಟ್ಟಿಲ ಮೇಲೆ ಅವಳು ಒಂದೇ ಮಾತು ಕೇಳಿದಳು: "ಏನ್ರೀ, ಈ ಕಾರು ದೇವರು ಕೊಟ್ಟಿದ್ದಾದ್ರೆ ನನ್ನ ಬಳೆ ಯಾಕೆ ಹೋಗ್ಬೇಕು?" ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನನ್ನ ಸಾಕ್ಷಿ ಕೇಳಿ ಈ ಸಭೆಯ ಒಬ್ಬ ತಮ್ಮ ಸಾಲ ಮಾಡಿ ಅಂಥದ್ದೇ ಕಾರು ತಗೊಂಡ. ಈಗ ಇಎಂಐ ಕಟ್ಟೋಕೆ ರಾತ್ರಿ ಕ್ಯಾಬ್ ಓಡಿಸ್ತಿದ್ದಾನೆ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದ್ದೀನಿ. ಇವತ್ತು ನಿಮ್ಮೆಲ್ಲರ ಮುಂದೆಯೂ ಕೇಳ್ತೀನಿ.

ಯೌವನಸ್ಥರೇ, ದೊಡ್ಡ ಕಾರು ಪಾಪ ಅಂತ ನಾನು ಹೇಳ್ತಿಲ್ಲ. ತಗೊಳ್ಳೋದಾದ್ರೆ ಸರ್ವೀಸ್ ದಾಖಲೆ ಪೂರ್ತಿ ನೋಡಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನಿಮ್ಮ ಮೆಕ್ಯಾನಿಕ್ ಹತ್ರ ಸ್ಕ್ಯಾನ್ ಮಾಡಿಸಿ. ರಿಪೇರಿ ದುಡ್ಡು ಮೊದಲೇ ಬೇರೆ ಎತ್ತಿಡಿ. ಅದು ಇಲ್ಲ ಅಂದ್ರೆ ಆ ಕಾರು ನಿಮ್ಮದಲ್ಲ.

ಕೆಲವರು ಮಾರೋ ಮುಂಚೆ ಸ್ಕ್ಯಾನರ್ ಹಾಕಿ ಎರರ್ ಕೋಡ್ ಅಳಿಸ್ತಾರೆ. ವಾರ್ನಿಂಗ್ ಲೈಟ್ ಆಫ್ ಆಗುತ್ತೆ. ದೋಷ ಒಳಗೇ ಇರುತ್ತೆ, ಸ್ವಲ್ಪ ದೂರ ಓಡಿದ ಮೇಲೆ ಲೈಟ್ ಮತ್ತೆ ಬರುತ್ತೆ. ಭಾನುವಾರ ಕಣ್ಣೀರು ಹಾಕಿ ಸೋಮವಾರ ಹಾಗೇ ಇದ್ರೆ ಅದು ಮಾನಸಾಂತರ ಅಲ್ಲ, ಕೋಡ್ ಅಳಿಸಿದ್ದು ಅಷ್ಟೇ. ಗೋಪುರದ ಮಾತನ್ನು ಕರ್ತನು ಹೇಳಿದ್ದು ತನ್ನನ್ನು ಹಿಂಬಾಲಿಸೋ ಜನರಿಗೆ. ರಕ್ಷಣೆ ಉಚಿತ, ಹಿಂಬಾಲಿಸೋದಕ್ಕೆ ದಿನಾ ಬೆಲೆ ಇದೆ.

ಆ ಕಾರು ಮಾರಿದೆ. ಇರೋ ದೋಷ ಎಲ್ಲಾ ಬರೆದುಕೊಟ್ಟು ಮಾರಿದ್ದಕ್ಕೆ ಎರಡು ಲಕ್ಷ ಕಡಿಮೆ ಬಂತು. ಬಳೆ ಇನ್ನೂ ಬ್ಯಾಂಕ್‌ನಲ್ಲೇ ಇದೆ, ತಿಂಗಳು ತಿಂಗಳು ಕಟ್ತಿದ್ದೀನಿ. ಇದೇ ಇವತ್ತಿನ ನನ್ನ ಸಾಕ್ಷಿ. ಚಪ್ಪಾಳೆ ಬೇಡ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಕರ್ತನೇ, ತಳದಲ್ಲಿ ಸೋರ್ತಿರೋದನ್ನ ತೋರಿಸು. ಬಿಚ್ಚಿಸಿಕೊಳ್ಳೋ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.