ಮೊದಲ ಲೋಟ ಕೊಟ್ಟವರು

ಕುಡಿತದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಕುಡಿದವರ ಬಗ್ಗೆಯೇ. ಹೆಚ್ಚೆಂದರೆ ಅಂಗಡಿಯವನನ್ನೂ ಸರಕಾರವನ್ನೂ ಬೈಯುತ್ತೇವೆ. ಎದುರಿಗಿದ್ದವರ ನಾಲಿಗೆಯ ರುಚಿ ಅರಿತು, ಅದಕ್ಕೆ ತಕ್ಕಂತೆ ಬೆರೆಸಿ ಪ್ರೀತಿಯಿಂದ ಕುಡಿಸಿದವರನ್ನು ಏನೆನ್ನಬೇಕು?

ನಗರದ ಕೆಲವು ಮನೆಗಳಲ್ಲಿ ಕಾಕ್‌ಟೇಲ್ ಬೆರೆಸುವುದು ಈಗ ಹವ್ಯಾಸವಾಗಿದೆ. ಕುಲುಕುವ ಸ್ಟೀಲ್ ಡಬ್ಬಿ, ಅಳತೆಯ ಪುಟ್ಟ ಬಟ್ಟಲು, ನಿಂಬೆ, ಪುದೀನ, ಐಸು. ನೋಡಿದರೆ ಅಡುಗೆಮನೆಯ ಕೆಲಸವೇ. ನಾವು ಕುಡಿಯುವವರಲ್ಲ, ಅಂಥ ಕಡೆ ನಮ್ಮ ಪಾಲಿಗೆ ನಿಂಬೆಹಣ್ಣಿನ ಶರಬತ್ತು. ಆದರೂ ಬೆರೆಸುವವರ ಶ್ರದ್ಧೆಯನ್ನು ಮೆಚ್ಚದಿರಲಾಗದು. ಹುಳಿ ಇಷ್ಟವೋ ಸಿಹಿಯೋ ಎಂದು ಕೇಳಿ ಮಾಡಿಕೊಡುವುದೂ ಒಂದು ಬಗೆಯ ಮೆಹಮಾನ್‌ನವಾಜಿ ತಾನೆ?

ಈ ಪ್ರಶ್ನೆಯನ್ನು ಸಿನಿಮಾದ ಮೂಲಕ ನೋಡುವುದು ನಮಗೆ ಸುಲಭ, ಅದರಲ್ಲೂ ಪಾತ್ರಪ್ರಧಾನ ಸಿನಿಮಾದ ಮೂಲಕ. ಘಟನೆಗಳ ಮೇಲೆ ಓಡುವ ಹಳೆಯ ಹಿಂದಿ ಚಿತ್ರಗಳಲ್ಲಿ ಗ್ಲಾಸು ಖಳನಾಯಕನ ಕೈಯಲ್ಲಿರುತ್ತಿತ್ತು. ಕೊನೆಯ ರೀಲಿನಲ್ಲಿ ಪೊಲೀಸರು ಬಂದರೆ ನ್ಯಾಯ ತೀರ್ಮಾನವಾಯಿತು, ನಾವು ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ಪಾತ್ರವನ್ನೇ ನೆಚ್ಚಿದ ಚಿತ್ರ ಈ ಅನುಕೂಲ ಮಾಡಿಕೊಡುವುದಿಲ್ಲ.

1962ರಲ್ಲಿ ಬಂದ ಬ್ಲೇಕ್ ಎಡ್ವರ್ಡ್ಸ್ ನಿರ್ದೇಶನದ 'ಡೇಸ್ ಆಫ್ ವೈನ್ ಆ್ಯಂಡ್ ರೋಸಸ್' ಅಂಥದ್ದು. ಸ್ಯಾನ್ ಫ್ರಾನ್ಸಿಸ್ಕೋದ ಜೋ ಕ್ಲೇ (ಜಾಕ್ ಲೆಮನ್) ಕುಡಿಯುವವನು. ಅವನು ಮೆಚ್ಚಿದ ಕಿರ್ಸ್ಟನ್ (ಲೀ ರೆಮಿಕ್) ಕುಡಿಯುವವಳಲ್ಲ. ಅವಳಿಗೆ ಚಾಕಲೇಟೆಂದರೆ ಪ್ರಾಣ. ಅದನ್ನು ತಿಳಿದ ಜೋ ಅವಳಿಗಾಗಿ ಬ್ರಾಂದಿ ಅಲೆಕ್ಸಾಂಡರ್ ತರಿಸುತ್ತಾನೆ. ಬ್ರಾಂದಿ, ಕೋಕೋದ ಸಿಹಿ ಮದ್ಯ, ಕೆನೆ ಮೂರನ್ನೂ ಸಮಸಮ ಹಾಕಿ ಐಸಿನೊಡನೆ ಕುಲುಕಿ, ಮೇಲೆ ಜಾಯಿಕಾಯಿ ತುರಿದು ಕೊಡುವ ಪಾನೀಯ ಅದು. ಕೆನೆಯೂ ಕೋಕೋವೂ ಬ್ರಾಂದಿಯ ಉರಿಯನ್ನು ಮರೆಸುತ್ತವೆ, ಮರೆಸುವುದು ಉರಿಯನ್ನಷ್ಟೇ. 30 ಮಿ.ಲೀ. ಬ್ರಾಂದಿ ಕೆನೆಯೊಳಗೆ ಸೇರಿದರೂ 30 ಮಿ.ಲೀ. ಬ್ರಾಂದಿಯೇ. ಅರಬಿಯಲ್ಲಿ ಮದ್ಯಕ್ಕೆ 'ಖಮ್ರ್' ಎನ್ನುತ್ತಾರೆ. ಅದರ ಧಾತುವಿಗೆ ಮುಚ್ಚುವುದು ಎಂಬ ಅರ್ಥವಿದೆ. ತಲೆಯ ಮೇಲೆ ಹೊದೆಯುವ 'ಖಿಮಾರ್' ಕೂಡ ಅಲ್ಲಿಂದಲೇ ಬಂದದ್ದು. ಬುದ್ಧಿಗೆ ಮುಸುಕು ಹಾಕುವ ವಸ್ತುವಿಗೇ ಇಲ್ಲಿ ಇನ್ನೊಂದು ಮುಸುಕು.

ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ. ಮಗುವಿಗೆ ಹಾಲೂಡಿಸುವ ಕಿರ್ಸ್ಟನ್ ಕುಡಿತದಿಂದ ದೂರವಿದ್ದರೆ ಜೋಗೆ ಅಸಹನೆ. ಅವನ ಸಂತೋಷಕ್ಕೆಂದು ಅವಳು ಮತ್ತೆ ಲೋಟ ಹಿಡಿಯುತ್ತಾಳೆ. ವರ್ಷಗಳುರುಳಿ ಇಬ್ಬರೂ ಹಾಳಾದ ಮೇಲೆ ಜೋ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟದ ನೆರವಿನಿಂದ ಕುಡಿತ ಬಿಡುತ್ತಾನೆ. ಅವಳಿಂದ ಆಗುವುದಿಲ್ಲ.

ಪಾತ್ರವನ್ನು ಒಳಗಿನಿಂದ ಬಲ್ಲವರು ತೀರ್ಪು ಕೊಡಲಾರರು ಎಂದು ನಾವು ಕತೆ ಬರೆಯುವವರು ಹೇಳುವುದುಂಟು. ಅದು ಅರ್ಧ ನಿಜ. ಜೋನನ್ನು ಹತ್ತಿರದಿಂದ ನೋಡಿದಷ್ಟೂ ಅವನ ಹೊಣೆಯ ಭಾರ ಹೆಚ್ಚುತ್ತದೆ. ಅವನು ಗುರುತಿಲ್ಲದವರಿಗೆ ಸೀಸೆ ಮಾರಿದವನಲ್ಲ. ಅವಳ ಇಷ್ಟ ಯಾವುದೆಂದು ಗಮನಿಸಿದ್ದು ಅವನ ಪ್ರೀತಿ. ಲೋಟ ಅವಳ ತುಟಿ ತಲುಪಿದ್ದೂ ಅದೇ ದಾರಿಯಿಂದ. ಕೇಡನ್ನು ಅವನು ಬಯಸಿರಲಿಲ್ಲ, ಮೊದಲ ದಿನಗಳ ಆ ನಗುವೂ ಸುಳ್ಳಲ್ಲ. ಮದ್ಯದಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವೂ ಇದೆ, ಕೇಡು ಅದಕ್ಕಿಂತ ದೊಡ್ಡದು ಎನ್ನುವ ಕುರ್‌ಆನ್ (2:219) ಕೂಡ ಆ ಪ್ರಯೋಜನವನ್ನು ಅಲ್ಲಗಳೆದಿಲ್ಲ.

ಅದೇ ವರ್ಷ ತೆರೆಕಂಡ, ಅಬ್ರಾರ್ ಅಲ್ವಿಯವರ 'ಸಾಹಿಬ್ ಬೀಬಿ ಔರ್ ಗುಲಾಮ್'ನಲ್ಲೂ ಮೀನಾ ಕುಮಾರಿಯ ಛೋಟಿ ಬಹೂ ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದೇ ಕುಡಿಯುತ್ತಾಳೆ. ಆ ಜಮೀನುದಾರ ಗಂಡನನ್ನು ದೂರುವುದು ಸುಲಭ. ಜೋನನ್ನು ದೂರುವುದು ಕಷ್ಟ. ಅವನು ನಮ್ಮ ಪರಿಚಯದವರ ಹಾಗಿದ್ದಾನೆ.

ಒಂದು ಲೋಟ ಕುಡಿದವರೆಲ್ಲ ಕಿರ್ಸ್ಟನ್ ಆಗುವುದಿಲ್ಲ, ನಿಜ. ಯಾರು ಆಗುತ್ತಾರೆ ಎಂಬುದು ಬೆರೆಸುವ ಕೈಗೆ ತಿಳಿಯದಲ್ಲ!

ಕುಡಿತ ಬಿಟ್ಟ ಜೋ ಮಾವನ ಹಳೆಯ ಬಾಕಿ ತೀರಿಸಲು ಹಣ ಹಿಡಿದು ಹೋಗುತ್ತಾನೆ. ಮಗಳ ಈ ಗತಿಗೆ ನೀನೇ ಕಾರಣವೆಂದು ಮಾವ ಅವನ ಮೇಲೆ ಎರಗುತ್ತಾನೆ. ಅದಾದ ಮೇಲೆ ಒಂದು ರಾತ್ರಿ ಕಿರ್ಸ್ಟನ್ ಮನೆಗೆ ಮರಳಲು ಬರುತ್ತಾಳೆ. ಕುಡಿತ ಬಿಡುವ ಮಾತಿಗೆ ಮಾತ್ರ ಒಪ್ಪುವುದಿಲ್ಲ. ಜೋ ಒಲ್ಲೆನೆನ್ನುತ್ತಾನೆ. ಮೊದಲ ಲೋಟ ಕೊಟ್ಟವನಿಗೆ ಬಾಗಿಲು ಮುಚ್ಚುವ ಹಕ್ಕಿದೆಯೇ? ಒಳಗೆ ಮಗಳಿದ್ದಾಳೆ, ಅವನು ಮಾಡಿದ್ದು ಸರಿ ಎಂದೇ ನಮ್ಮ ಅನಿಸಿಕೆ. ಆದರೆ ಸರಿ ಮಾಡಿದ ಮಾತ್ರಕ್ಕೆ ಸಾಲ ತೀರಿತೆಂದು ನಮಗೆ ಅನಿಸಿಲ್ಲ. ಅವನಿಗೂ ಅನಿಸಿದಂತಿಲ್ಲ. ಹೊರಟುಹೋಗುವವಳನ್ನು ಅವನು ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾನೆ, ಬಾರೊಂದರ ದೀಪದ ಫಲಕ ಆ ಗಾಜಿನ ಮೇಲೆ ಮಿನುಗುತ್ತಿರುತ್ತದೆ.